ನೆನೆಯಬಾರದ ಎರಡು ಗಂಟೆ

ಈ ಕಥೆಯನ್ನು ಹೇಳಬೇಕಾದವರು ಬೇರೆ ಇದ್ದಾರೆ. ಜಗತ್ತಿನ ಬುಡದಲ್ಲಿರುವುದು ಮನಸ್ಸೋ ಜಡವೋ ಎಂಬಂಥ ಪ್ರಶ್ನೆಗೆ, ಹಗಲು ದುಡಿದು ಸಂಜೆ ತರಗತಿಯಲ್ಲಿ ತೂಕಡಿಸುತ್ತಾ ಭೌತಶಾಸ್ತ್ರ ಕಲಿತವರು ಕೈ ಹಾಕಬಾರದು. ಹಾಕಿದರೆ ಒಂದು ಕಡೆಯಿಂದ ಶಾಸ್ತ್ರ ಬಲ್ಲವರು ನಗುತ್ತಾರೆ, ಇನ್ನೊಂದು ಕಡೆಯಿಂದ ವಿಜ್ಞಾನ ಬಲ್ಲವರು. ಆದರೆ ಆ ಬಲ್ಲವರು ಹೇಳಲು ಕೂತರೆ ಅಂಕಿಗಳಷ್ಟೇ ಉಳಿದು ಬೋರಮ್ಮ ಎಂಬ ಮುದುಕಿ ಬಿಟ್ಟುಹೋಗುತ್ತಾಳೆ ಎಂಬ ಅಂಜಿಕೆ ಇದೆ. ಆ ಒಂದು ಕಾರಣಕ್ಕೆ ಈ ಧೈರ್ಯ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಚಿತ್ರದುರ್ಗದ ಸೀಮೆಯಲ್ಲಿ ಕರೇಕಲ್ಲು ಎಂಬ ಹೆಸರಿನ ತಾಮ್ರದ ಗಣಿಯೊಂದಿತ್ತು ಎಂದುಕೊಳ್ಳಿ. ಅದಿರು ತೀರಿ, ಗಣಿ ಮುಚ್ಚಿ, ಕಾರ್ಮಿಕರ ಮನೆಗಳ ಮೇಲೆ ಜಾಲಿ ಬೆಳೆದು ಇಪ್ಪತ್ತು ವರ್ಷವಾದ ಮೇಲೆ ಡಾಕ್ಟರ್ ಇನಾಮದಾರ ಎಂಬ ವಿಜಯಪುರದ ಕಡೆಯ ವಿಜ್ಞಾನಿ ಅಲ್ಲಿಗೆ ಬಂದರು. ಅವರಿಗೆ ಬೇಕಾಗಿದ್ದದ್ದು ಅದಿರಲ್ಲ, ಆಳ. ಮುನ್ನೂರು ಮೀಟರ್ ಬಂಡೆಯ ಕೆಳಗೆ ಆಕಾಶದ ಕಿರಣಗಳು ಇಳಿಯುವುದು ಬಹಳ ಕಡಿಮೆ. ಹಗಲು ರಾತ್ರಿಯ ಗುರುತಿಲ್ಲ, ಬಿಸಿಲು ಚಳಿಯ ವ್ಯತ್ಯಾಸವಿಲ್ಲ. ಅಲ್ಲೊಂದು ಕೋಣೆ ಕೊರೆಸಿ, ಅದರ ನಡುವೆ ಸೀಸದ ಪೆಟ್ಟಿಗೆ ಇಟ್ಟು, ಪೆಟ್ಟಿಗೆಯೊಳಗೆ ಕಡಲೆಬೇಳೆಯಷ್ಟು ಗಾತ್ರದ ಒಂದು ಹರಳನ್ನು ಕೂರಿಸಿದರು.

ಆ ಹರಳಿನ ಅಣುಗಳು ಒಂದೊಂದಾಗಿ ಸಿಡಿಯುತ್ತವೆ. ಸಿಡಿದದ್ದು ಎಡಕ್ಕಾದರೂ ಹೋಗಬಹುದು, ಬಲಕ್ಕಾದರೂ ಹೋಗಬಹುದು. ಯಾವುದು ಎತ್ತ ಎಂದು ಮೊದಲೇ ಹೇಳಬಲ್ಲವರು ಯಾರೂ ಇಲ್ಲ. ಸಾಕಷ್ಟು ಎಣಿಸಿದರೆ ಸಾವಿರಕ್ಕೆ ಐನೂರು ಅತ್ತ, ಐನೂರು ಇತ್ತ. ಇನಾಮದಾರರು ಕಂಡುಹಿಡಿದದ್ದು ಇಷ್ಟೆ: ಆ ಹರಳನ್ನು ಬಲ್ಲ ಯಾರಾದರೂ ಅದನ್ನು ಮನಸ್ಸಿಗೆ ತಂದುಕೊಂಡ ಹೊತ್ತಿನಲ್ಲಿ ಎಡಕ್ಕೆ ಮೂರು ಹೆಚ್ಚು ಬೀಳುತ್ತವೆ. ಐನೂರ ಮೂರು. ನೆನೆಯುವವರು ಪಕ್ಕದಲ್ಲಿದ್ದರೂ ಅಷ್ಟೆ, ಹತ್ತು ಮೈಲಿ ದೂರದಲ್ಲಿದ್ದರೂ ಅಷ್ಟೆ. ನೆನಪು ಮಸುಕಾದರೆ ಮಾತ್ರ ಕಡಿಮೆ. ಹರಳಿನ ಸುದ್ದಿಯೇ ತಿಳಿಯದವರು ಎಷ್ಟು ಯೋಚಿಸಿದರೂ ಅದು ಜಪ್ಪಯ್ಯ ಅನ್ನುವುದಿಲ್ಲ.

"ನಿಮ್ಮೂರ ಮುದ್ದಿ ಬೇಯೂ ಮುಂದ ಆವಿ ಬರತೈತಲ್ರೀ ಅಕ್ಕಾರ," ಎಂದು ಅವರು ಜೊತೆಗೆ ಕೆಲಸ ಮಾಡುವ ಸರ್ವಮಂಗಳೆಗೆ ವಿವರಿಸಿದ್ದರು. "ಮನಸ್ಸು ಅಂದ್ರ ಮಿದುಳಿನ ಆವಿ ಅಂತ ನಮಗ ಇಷ್ಟು ದಿನ ಕಲಿಸ್ಯಾರ. ಮೊದಲ ಪದಾರ್ಥ, ಆಮ್ಯಾಲ ಅದರ ಆವಿ. ಆದ್ರ ಆವಿ ಬಂದು ಮುದ್ದಿ ತಿರುವತೈತೇನ್ರೀ?"

"ಮುದ್ದೆ ತಿರುವೋದು ಕೋಲು ಸಾರ್."

"ಕೋಲು ಹಿಡಿಯೋರು?"

"ನಾವು."

"ಅದ ಮತ್ತ. ಹರಳು ತಿರುವೋರು ಯಾರು ಅಂತ ನೋಡಬೇಕಾಗೇತಿ."

ಸರ್ವಮಂಗಳೆ ಅಲ್ಲಿ ಉಪಕರಣ ನೋಡಿಕೊಳ್ಳುವ ಟೆಕ್ನಿಷಿಯನ್. ನಲವತ್ತೆರಡು ವರ್ಷ. ಹಗಲು ಪಂಪಿನ ಅಂಗಡಿಯಲ್ಲಿ ದುಡಿದು ಸಂಜೆ ಪಾಲಿಟೆಕ್ನಿಕ್‌ನಲ್ಲಿ ಡಿಪ್ಲೊಮಾ ಮಾಡಿದವಳು. ಒಂದು ಸ್ಕ್ರೂ ಬಿಗಿದು ಬಂದರೆ ಮತ್ತೆ ಎರಡು ಸಲ ಹೋಗಿ ಮುಟ್ಟಿ ನೋಡುವ ಸ್ವಭಾವ. ಅವಳು, ಇನಾಮದಾರರು, ಎಲೆಕ್ಟ್ರಿಷಿಯನ್ ಜಬೀವುಲ್ಲಾ: ಆ ಹರಳನ್ನು ಬಲ್ಲವರು ಲೋಕದಲ್ಲಿ ಈ ಮೂವರೇ. ಇನ್ಯಾರಿಗೂ ಹೇಳುವುದಿಲ್ಲವೆಂದು ಮೂವರೂ ಸಹಿ ಹಾಕಿದ್ದರು.

ಅದಕ್ಕೆ ಕಾರಣವಿತ್ತು. ಮನಸ್ಸಿನಿಂದಲೇ ಎಡಕ್ಕೆ ಏರುತ್ತದೆ ಎಂದು ಸಾಧಿಸಬೇಕಾದರೆ ಯಾವ ಮನಸ್ಸೂ ಇಲ್ಲದ ಹೊತ್ತಿನ ಲೆಕ್ಕವೂ ಬೇಕು. ಆದ್ದರಿಂದ ದಿನಾ ಸಂಜೆ ಆರರಿಂದ ಎಂಟರವರೆಗೆ ಮೂವರೂ ಹರಳನ್ನು ನೆನೆಯಬಾರದು. ಅದೂ ನೌಕರಿಯ ಭಾಗವೇ. ಆ ಎರಡು ಗಂಟೆಯ ಎಣಿಕೆ ಮೊಹರು ಹಾಕಿದ ಪೆಟ್ಟಿಗೆಯೊಳಗೆ ಸೇರುತ್ತದೆ. ಇಣುಕಿ ನೋಡಿದರೆ ಅದೂ ನೆನೆದಂತೆಯೇ ಎಂದು ಇಡೀ ವರ್ಷ ಅದನ್ನು ತೆರೆಯುವಂತಿಲ್ಲ. ಬೆಳಗ್ಗೆ ಬಂದವರು ರಿಜಿಸ್ಟರಿನಲ್ಲಿ ಹೆಸರಿನ ಮುಂದೆ 'ನೆನೆದೆ' ಅಥವಾ 'ನೆನೆಯಲಿಲ್ಲ' ಎಂದು ಬರೆಯಬೇಕು.

"ಮಂಗನ್ನ ನೆನೀದೆ ಮದ್ದು ಕುಡಿ ಅಂದಂಗಾಯ್ತಲ್ಲ ಸಾರ್," ಎಂದಿದ್ದ ಜಬೀವುಲ್ಲಾ ಮೊದಲ ವಾರ. "ನಿನ್ನೆ ನೆನೆದುಬಿಟ್ಟೆ. ಯಾಕೆ ನೆನೀಬಾರ್ದು ಅಂತ ಯೋಚನೆ ಮಾಡ್ತಿದ್ದೆ, ಅಷ್ಟೊತ್ತಿಗೆ ನೆನೆದಾಗಿತ್ತು."

ಕೊನೆಗೆ ಅವನು ಕ್ಯಾರಮ್ ಹಿಡಿದ. ಇನಾಮದಾರರು ಫೋನಿನಲ್ಲಿ ಚದುರಂಗ ಆಡುತ್ತಿದ್ದರು. ಸರ್ವಮಂಗಳೆ ಆರು ಹೊಡೆಯುತ್ತಿದ್ದಂತೆ ಹಿತ್ತಲ ಕಟ್ಟೆಯಲ್ಲಿ ಕೂತು ಶೇಂಗಾ ಸುಲಿಯುತ್ತಾ ಹದಿನೇಳರ ಮಗ್ಗಿಯನ್ನು ಹಿಂದಿನಿಂದ ಮುಂದಕ್ಕೆ ಹೇಳುತ್ತಿದ್ದಳು. ಹದಿನೇಳರ ಮಗ್ಗಿಯೇ ಯಾಕೆಂದರೆ ಉಳಿದವು ಬಾಯಿಗೆ ಬರುತ್ತಿದ್ದವು. ಬಾಯಿಗೆ ಬಂದದ್ದು ಮನಸ್ಸನ್ನು ಹಿಡಿದಿಡುವುದಿಲ್ಲ. ಒಂದೆರಡು ತಿಂಗಳಲ್ಲಿ ನೆನೆಯದಿರುವುದು ಅವಳಿಗೆ ಒಗ್ಗಿತು.

*

ಅವಳ ಮನೆಯ ನಡುಕೋಣೆಯಲ್ಲಿ ಅವಳ ಗಂಡ ತಿಪ್ಪೇಶಿ ಮಲಗಿದ್ದ. ಮಲಗಿ ಒಂದೂವರೆ ವರ್ಷವಾಗಿತ್ತು.

ಅವನು ಲಾರಿ ಮೆಕ್ಯಾನಿಕ್. ಜ್ಯಾಕ್ ಜಾರಿ ತಲೆಗೆ ಪೆಟ್ಟಾಗಿ, ಎರಡು ತಿಂಗಳು ಆಸ್ಪತ್ರೆಯಲ್ಲಿದ್ದು, ಕಣ್ಣು ಬಿಟ್ಟುಕೊಂಡೇ ಮನೆಗೆ ಬಂದ. ಕಣ್ಣು ತೆರೆಯುತ್ತಿತ್ತು, ಮುಚ್ಚುತ್ತಿತ್ತು. ಯಾರನ್ನೂ ಹಿಂಬಾಲಿಸುತ್ತಿರಲಿಲ್ಲ. ಮೂಗಿನ ನಳಿಕೆಯಲ್ಲಿ ಗಂಜಿ ಹೋಗುತ್ತಿತ್ತು. "ಉಸಿರಾಟ, ಎದೆಬಡಿತ ಎಲ್ಲ ಇದೆ ಕಣಮ್ಮ. ಒಳಗೆ ಯಾರೂ ಇಲ್ಲ," ಎಂದಿದ್ದರು ದುರ್ಗದ ಡಾಕ್ಟರು, ಆದಷ್ಟು ಮೆತ್ತಗೆ.

ಪೆಟ್ಟಾಗುವ ಮೊದಲು ತಿಪ್ಪೇಶಿಗೆ ಒಂದು ರೂಢಿಯಿತ್ತು. ಹೆಂಡತಿ ಕೆಲಸದಿಂದ ಬಂದು ಚಪ್ಪಲಿ ಬಿಡುವಾಗಲೇ, "ಇವತ್ತು ಯಾವ ಮಿಷನ್ ಕೆಡಿಸಿ ಬಂದೆ?" ಎಂದು ಕೇಳುವುದು. ಅವಳು ಮುನಿಸಿಕೊಂಡಂತೆ ಮಾಡಿ ಅಂದಿನದೆಲ್ಲವನ್ನೂ ಹೇಳುವುದು. ಹದಿನಾರು ವರ್ಷ ನಡೆದದ್ದು ಒಂದು ಜ್ಯಾಕ್ ಜಾರಿದ ಮಾತ್ರಕ್ಕೆ ನಿಲ್ಲುತ್ತದೆಯೇ? ಅವನು ಕೇಳುವುದು ನಿಂತಿತು, ಅವಳು ಹೇಳುವುದು ನಿಲ್ಲಲಿಲ್ಲ. ದಿನಾ ಐದೂವರೆಗೆ ಬಂದು, ಕೈಕಾಲು ತೊಳೆದು, ನಳಿಕೆಗೆ ಗಂಜಿ ಬಿಡುತ್ತಾ ಹೇಳುತ್ತಿದ್ದಳು. ಹರಳು ಬಂದ ದಿನ ಹರಳಿನ ಸುದ್ದಿ ಹೇಳಿದಳು. ಅದರ ಗಾತ್ರ, ಅದರ ಮಸುಕು ಹಳದಿ, ಸೀಸದ ಪೆಟ್ಟಿಗೆಯ ಬಾಗಿಲು ಎಳೆದರೆ ಮುದುಕರ ಕೆಮ್ಮಿನಂತೆ ಬರುವ ಸದ್ದು, ಎಲ್ಲವನ್ನೂ. ಸಹಿ ಹಾಕಿದ್ದು ನೆನಪಿಗೆ ಬಂದಾಗಲೆಲ್ಲ ತನಗೆ ತಾನೇ ಸಮಾಧಾನ ಹೇಳಿಕೊಂಡಳು: ಒಳಗೆ ಯಾರೂ ಇಲ್ಲವೆಂದು ಡಾಕ್ಟರೇ ಹೇಳಿದ್ದಾರಲ್ಲ. ಯಾರೂ ಇಲ್ಲದ ಕಡೆ ಹೇಳಿದರೆ ಯಾರಿಗೂ ಹೇಳಿದ ಹಾಗಲ್ಲ.

ಅತ್ತೆ ಬೋರಮ್ಮ ಅದೇ ಕೋಣೆಯಲ್ಲಿ ಗೋಡೆಗೊರಗಿ ಕೂತಿರುತ್ತಿದ್ದಳು. ಅವಳ ಕಿವಿ ಹೋಗಿ ಹನ್ನೆರಡು ವರ್ಷ. ಹಾಗಾಗಿ ಅವಳ ಚಿಂತೆಯಿರಲಿಲ್ಲ.

ಆ ಫೆಬ್ರುವರಿಯಲ್ಲಿ ತಿಪ್ಪೇಶಿಯ ಮೂಗಿನ ಒಳಗೆ ಹುಣ್ಣಾಯಿತು. ನಳಿಕೆ ಇನ್ನು ಹೆಚ್ಚು ದಿನ ನಡೆಯದು ಎಂದರು ಡಾಕ್ಟರು. ಹೊಟ್ಟೆಗೆ ರಂಧ್ರ ಮಾಡಿ ನೇರವಾಗಿ ನಳಿಕೆ ಹಾಕಬಹುದು. ಹಾಗೆ ಎಷ್ಟು ವರ್ಷವಾದರೂ ಸಾಗೀತು. ಇಲ್ಲವಾದರೆ ನಳಿಕೆ ತೆಗೆದು, ಬಾಯಲ್ಲಿ ನುಂಗಿದಷ್ಟು ಕೊಟ್ಟು, ಹೋದಷ್ಟು ದಿನ. "ಎರಡೂ ತಪ್ಪಲ್ಲ. ಈ ಸೋಮವಾರ ಬಿಟ್ಟು ಮುಂದಿನ ಸೋಮವಾರ ಹೇಳಿ. ನಿರ್ಧಾರ ನಿಮ್ಮದು."

ನಿರ್ಧಾರ ನಿಮ್ಮದು ಎಂಬ ಮಾತು ಬಸ್ಸಿನುದ್ದಕ್ಕೂ ಅವಳ ಕಿವಿಯಲ್ಲಿ ಗುಂಯ್ ಎನ್ನುತ್ತಿತ್ತು. ಒಳಗೆ ಇದ್ದಾರೋ ಇಲ್ಲವೋ ಅದೊಂದು ಗೊತ್ತಾಗಿದ್ದರೆ! ಇದ್ದರೆ ಹೊಟ್ಟೆಯ ನಳಿಕೆ. ಇಲ್ಲದಿದ್ದರೆ ಇಲ್ಲ. ಅಷ್ಟು ಸುಲಭ. ಅಷ್ಟು ಮಾತ್ರ ಯಾರೂ ಹೇಳರು.

*

ಅದೇ ವಾರ ವರ್ಷ ತುಂಬಿ ಮೊಹರಿನ ಪೆಟ್ಟಿಗೆ ತೆರೆದರು.

ಗಣಿಯ ಬಾಯಿಯ ಪಕ್ಕದ ನಿಯಂತ್ರಣ ಕೊಠಡಿಯಲ್ಲಿ ಮೂವರೂ ಪರದೆಯ ಮುಂದೆ ನಿಂತರು. ಕಾಣಬೇಕಾಗಿದ್ದದ್ದು ನೆಟ್ಟನೆಯ ಗೆರೆ. ಕಂಡದ್ದು ಬೇರೆ. ಪ್ರತಿ ಸಂಜೆಯೂ ಗೆರೆ ಸ್ವಲ್ಪ ಉಬ್ಬಿ, ಸಣ್ಣದೊಂದು ಗುಬುಟು. ಸಾವಿರಕ್ಕೆ ಮೂರು, ಹತ್ತಿಪ್ಪತ್ತು ನಿಮಿಷ, ಮತ್ತೆ ಇಳಿತ.

ಇನಾಮದಾರರು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. "ಇದೇನ್ರೀ ಇದು?"

"ನಾನಲ್ಲ ಸಾರ್," ಎಂದ ಜಬೀವುಲ್ಲಾ ತಕ್ಷಣ. "ಕ್ಯಾರಮ್ ಬೋರ್ಡ್ ಮೇಲೆ ಆಣೆ."

ಮೊದಲು ಕರೆಂಟಿನ ಮೇಲೆ ಅನುಮಾನಪಟ್ಟರು. ಆಮೇಲೆ ನೀರೆತ್ತುವ ಪಂಪಿನ ಮೇಲೆ. ಅವೆರಡೂ ಅಲ್ಲ. ಯಾಕೆಂದರೆ ಗುಬುಟು ಒಂದೇ ಗಳಿಗೆಗೆ ಬರುತ್ತಿರಲಿಲ್ಲ. ಜೂನಿನಲ್ಲಿ ಏಳಕ್ಕೆ ಹತ್ತು ನಿಮಿಷವಿದ್ದಾಗ, ಡಿಸೆಂಬರಿನಲ್ಲಿ ಆರು ಗಂಟೆ ಐದು ನಿಮಿಷಕ್ಕೆ. ದಿನಕ್ಕಿಷ್ಟು ಎಂದು ಸರಿಯುತ್ತಾ ಹೋಗಿ ಮತ್ತೆ ಹಿಂದಿರುಗುತ್ತಿತ್ತು.

"ಹೊತ್ತು ಮುಳುಗೂದರ ಗುಂಟ ಹೊಂಟೇತಿ," ಎಂದರು ಇನಾಮದಾರರು. ಅವರ ದನಿ ಇಳಿದಿತ್ತು. "ಸೂರ್ಯನ ಮಾರಿ ಕಾಣದ ಜಾಗಾದಾಗ ಸೂರ್ಯನ ಸಂಗಾಟ ಹೊಂಟೇತಿ. ಇಲ್ಲಿ ನೋಡ್ರಿ, ಇಡೀ ವರ್ಷದಾಗ ಮೂರ ದಿವಸ ಇಲ್ಲ. ಜುಲೈ ಒಂಬತ್ತು, ಹತ್ತು, ಹನ್ನೊಂದು."

ಸರ್ವಮಂಗಳೆ ಪರದೆಯ ಮೇಲಿನ ಆ ಮೂರು ತಾರೀಕುಗಳನ್ನು ಬೆರಳಿಟ್ಟು ಎರಡು ಸಲ ಓದಿದಳು. ಜುಲೈ ಒಂಬತ್ತಕ್ಕೆ ತಿಪ್ಪೇಶಿಗೆ ಜ್ವರ ಏರಿ, ಎದೆಯಲ್ಲಿ ಕಫ ತುಂಬಿ, ಮುಚ್ಚಿದ ಕಣ್ಣು ತೆರೆಯದೆ ಆಸ್ಪತ್ರೆ ಸೇರಿದ್ದ. ಹನ್ನೆರಡಕ್ಕೆ ಮನೆಗೆ ಕರೆತಂದಿದ್ದರು.

ಅಂದು ಅವಳು ಬಾಯಿ ಬಿಡಲಿಲ್ಲ. ಸಂಜೆ ಶೇಂಗಾ ಸುಲಿದಳು. ಹದಿನೇಳೆಂಟ್ಲ ಎಷ್ಟೆಂದು ಹೊಳೆಯಲಿಲ್ಲ. ಒಳಗೆ ಹೋಗಿ ಗಂಡನ ಮುಖ ನೋಡಿದಳು, ಹೊರಗೆ ಬಂದಳು, ಮತ್ತೆ ಒಳಗೆ ಹೋದಳು. ಬೆಳಗ್ಗೆ ರಿಜಿಸ್ಟರಿನ ಮುಂದೆ ಪೆನ್ನು ಹಿಡಿದು ನಿಂತೇ ಇದ್ದಳು.

"ಏನ್ರೀ ಅಕ್ಕಾರ, ಒಂದು ಶಬ್ದ ಬರಿಯಾಕ ಇಷ್ಟ ಹೊತ್ತು?"

"ಸಾರ್, ನಾಲ್ಕನೆಯವರು ಒಬ್ಬರಿದ್ದಾರೆ."

"ಯಾರು?"

"ನಮ್ಮ ಮನೆಯವರು."

ಜಬೀವುಲ್ಲಾ ತಿರುಗಿದ. "ತಿಪ್ಪೇಶಣ್ಣನಾ? ಅಕ್ಕಾ, ಅವರು..." ಎಂದು ಅಲ್ಲಿಗೇ ನಿಲ್ಲಿಸಿದ.

ಅವಳು ಎಲ್ಲವನ್ನೂ ಹೇಳಿದಳು. ತಲೆ ತಗ್ಗಿಸಿ, ಸೀರೆಯ ಸೆರಗನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಾ. "ಒಳಗೆ ಯಾರೂ ಇಲ್ಲ ಅಂದಿದ್ರು ಸಾರ್ ಡಾಕ್ಟ್ರು. ಅದಕ್ಕೇ ಹೇಳಿದ್ರೆ ತಪ್ಪಿಲ್ಲ ಅಂದ್ಕೊಂಡೆ. ಒಂದು ವರ್ಷದ ಕೆಲಸ ಹಾಳು ಮಾಡಿದೀನಿ. ಏನು ಶಿಕ್ಷೆ ಬೇಕಾದ್ರೂ ಕೊಡಿ."

ಇನಾಮದಾರರು ಸಿಟ್ಟಾಗಲಿಲ್ಲ. "ಯಾರೂ ಇಲ್ಲ ಅಂತ ನಂಬಿದ್ರ, ದಿನಾ ಯಾಕ ಹೇಳಿದ್ರಿ ಮತ್ತ?" ಎಂದರು.

ಅವಳು ಬರೆಯದೆ ಬಿಟ್ಟ ರಿಜಿಸ್ಟರನ್ನು ಮುಚ್ಚಿಟ್ಟಳು.

"ಮನ್ಯಾಗ ಇನ್ಯಾರದಾರ?"

"ಅತ್ತೆ. ಅವರಿಗೆ ಕಿವಿ ಕೇಳಲ್ಲ ಸಾರ್."

ಇನಾಮದಾರರು ಕೊಠಡಿಯೊಳಗೆ ಅತ್ತಿಂದಿತ್ತ ಓಡಾಡತೊಡಗಿದರು. "ನಾ ಏನೂ ಹೇಳೂದಿಲ್ಲ. ಹೇಳಿದ್ರ ನಿಮಗ ಆಸೆ ಹುಟ್ಟತೈತಿ. ಒಂದು ಪರೀಕ್ಷಾ ಮಾಡೂಣು. ಹೊಸಾ ಹರಳು ಹತ್ತು ಅದಾವು. ಅದರಾಗಿನ ಒಂದನ್ನ ಅವರಿಗೆ ಮಾತ್ರ ಹೇಳಬೇಕು. ಯಾವುದು ಅಂತ ನಿಮಗೂ ಗೊತ್ತಿರಬಾರದು, ನನಗೂ ಗೊತ್ತಿರಬಾರದು."

ಹತ್ತು ಮಾತುಗಳನ್ನು ಅವಳ ದನಿಯಲ್ಲೇ ಮುದ್ರಿಸಿಕೊಂಡರು. "ರೀ, ಇವತ್ತು ಒಂದನೇ ಹರಳು ನೋಡ್ರಿ." "ರೀ, ಇವತ್ತು ಎರಡನೇ ಹರಳು ನೋಡ್ರಿ." ಹೀಗೆ ಹತ್ತರವರೆಗೆ. ದನಿ ನಡುಗಬಾರದೆಂದು ನಾಲ್ಕು ಸಲ ಹೇಳಿಸಿದರು. ಬೆಂಕಿಪೊಟ್ಟಣದಷ್ಟು ಸಣ್ಣ ಯಂತ್ರವೊಂದು ಸಂಜೆ ಆರೂವರೆಗೆ ತನ್ನ ಪಾಡಿಗೆ ತಾನೇ ಒಂದು ಮಾತನ್ನು ಆರಿಸಿ, ಇಯರ್‌ಫೋನಿನ ಮೂಲಕ ತಿಪ್ಪೇಶಿಯ ಕಿವಿಗೆ ಹೇಳುವುದು. ಯಾವುದನ್ನು ಆರಿಸಿತೆಂಬುದನ್ನು ತನ್ನೊಳಗೇ ಬಚ್ಚಿಟ್ಟುಕೊಳ್ಳುವುದು. ಕೆಳಗೆ ಗಣಿಯಲ್ಲಿ ಹತ್ತೂ ಹರಳುಗಳ ಎಣಿಕೆ. ಸೋಮವಾರದಿಂದ ಶುಕ್ರವಾರ. ಶನಿವಾರ ಎರಡನ್ನೂ ತೆರೆದು ಹೋಲಿಸುವುದು. ಅದರ ಮುಂದಿನ ಸೋಮವಾರ ಡಾಕ್ಟರಿಗೆ ಉತ್ತರ.

ಐದು ಸಂಜೆ ಸರ್ವಮಂಗಳೆ ಗಂಡನ ಕಿವಿಗೆ ಇಯರ್‌ಫೋನ್ ಸಿಕ್ಕಿಸಿ, ಎದುರು ಮನೆಯ ಜಗಲಿಯಲ್ಲಿ ಹೋಗಿ ಕೂರುತ್ತಿದ್ದಳು. ಎದುರು ಮನೆಯವರು, "ಯಾಕ್ ಮಂಗಳಕ್ಕ, ಅತ್ತೆ ಹತ್ರ ಜಗಳವಾ?" ಎಂದರು. ಹೂಂ ಎಂದಳು. ಅವಳ ಮನೆಯ ಬಾಗಿಲಲ್ಲಿ ಬೋರಮ್ಮ ಹಚ್ಚಿದ ದೀಪ ಕಾಣುತ್ತಿತ್ತು. ಅದರಾಚೆ ಏನು ನಡೆಯುತ್ತಿದೆಯೋ, ಏನಾದರೂ ನಡೆಯುತ್ತಿದೆಯೋ, ಕಾಣುತ್ತಿರಲಿಲ್ಲ.

*

ಶನಿವಾರ ಬೆಳಗ್ಗೆ ತೆರೆದರು. ಹಳೆಯ ಹರಳು ಎಂದಿನಂತೆ ಐದೂ ಸಂಜೆ ಏರಿ ಇಳಿದಿತ್ತು. ಹೊಸ ಹರಳುಗಳು ಸೋಮವಾರ ಏನೂ ಇಲ್ಲ. ಮಂಗಳವಾರ ಇಲ್ಲ. ಬುಧವಾರ ಇಲ್ಲ. ಗುರುವಾರ ಆರನೆಯದು, ಒಂದೇ ಒಂದು, ಸ್ಪಷ್ಟವಾಗಿ ಮೇಲೆದ್ದಿತ್ತು. ಶುಕ್ರವಾರ ಮತ್ತೆ ಇಲ್ಲ.

ಇನಾಮದಾರರು ಯಂತ್ರದ ಚೀಟಿ ತೆಗೆದರು. ಗುರುವಾರ ಯಂತ್ರ ಆರಿಸಿದ್ದು ಆರನೆಯದನ್ನೇ.

ಜಬೀವುಲ್ಲಾ, "ಯಾ ಅಲ್ಲಾ," ಎಂದ. ಇನಾಮದಾರರು ಚೀಟಿಯನ್ನು ಮತ್ತೊಮ್ಮೆ ಓದಿದರು. "ಹಾರ್‍ಯಾಡಬ್ಯಾಡ್ರಿ," ಎಂದರು, ಹಾರಾಡುತ್ತಿದ್ದವರು ಅವರೊಬ್ಬರೇ ಆದರೂ. "ಐದು ದಿವಸದಾಗ ಒಂದ ದಿವಸ. ನಾಕು ದಿವಸ ಯಾಕಿಲ್ಲ? ಗುರುವಾರ ಮನ್ಯಾಗ ಏನರ ಬ್ಯಾರೆ ಆಗಿತ್ತೇನ್ರೀ?"

ಸರ್ವಮಂಗಳೆ ಬಸ್ಸಿಗೂ ಕಾಯದೆ ಜಬೀವುಲ್ಲಾನ ಬೈಕಿನಲ್ಲಿ ಮನೆಗೆ ಬಂದಳು. ಬೋರಮ್ಮ ಅಂಗಳದಲ್ಲಿ ಅವರೆ ಬಿಡಿಸುತ್ತಿದ್ದಳು. ಸೊಸೆ ಎದುರಿಗೆ ಕೂತು, ಮುಖಕ್ಕೆ ಮುಖ ಕೊಟ್ಟು, "ಅತ್ತೆಮ್ಮ, ಗುರುವಾರ ಸಾಯಂಕಾಲ ಏನಾಯ್ತು?" ಎಂದಳು.

"ಗುರ್ವಾರವಾ? ಏನಾಗ್ತೈತೆ. ದೀಪ ಹಚ್ಚಿ ಒಳಗೆ ಬಂದೆ. ಇವ್ನ ಒಂದು ಕಿವೀಲಿದ್ದ ಬೀಜ ಕಳಚಿ ದಿಂಬಿನ ಮ್ಯಾಲೆ ಬಿದ್ದಿತ್ತು. ಇನ್ನೊಂದು ಅವನ ಕಿವೀಲೇ ಇತ್ತು. ದಿನಾ ಅದೇನು ಕೇಳಿಸ್ತಾಳೋ ನೋಡಾಣ ಅಂತ ಬಿದ್ದಿದ್ದನ್ನ ನನ್ನ ಕಿವಿಗಿಕ್ಕಂಡೆ." ಬೋರಮ್ಮನ ಮುಖ ಅರಳಿತು. "ಹನ್ನೆಲ್ಡು ವರ್ಸಕ್ಕೆ ನಿನ್ನ ದನಿ ಕೇಳ್ತು ಕಣೆ! ಕಿವಿ ಒಳಗೇ ನಿಂತ್ಕಂಡು ಕೂಗ್ದಂಗೆ. ಇಷ್ಟು ಸಣ್ಣಗೈತಾ ನಿನ್ನ ದನಿ? ಆರನೇ ಹರಳು ನೋಡ್ರಿ ಅಂತು. ನೋಡಿದೆ."

"ಏನು ನೋಡಿದ್ರಿ?"

"ಹರಳು. ಗಣಿ ಒಳಗೆ, ಕಡ್ಲೆಬೇಳೆಯಷ್ಟು. ಅದ್ರ ಪೆಟ್ಗೆ ಮುದುಕ್ರಂಗೆ ಕೆಮ್ತದಂತಲ್ಲ."

"ನಿಮಗೆ ಅದೆಲ್ಲ ಹೆಂಗೆ ಗೊತ್ತು?"

"ಏನ್ ಕೇಳ್ತೀಯ? ಹನ್ನೆಲ್ಡು ವರ್ಸದಿಂದ ನಿಮ್ಮ ಬಾಯಿ ನೋಡ್ಕಂಡೇ ಬದುಕಿರಾಳು ನಾನು. ನೀನು ದಿನಾ ಅವನ ಮುಂದೆ ಕೂತು ಹೇಳ್ತೀಯ, ನಾನು ನಿನ್ನ ಬಾಯಿ ನೋಡ್ತೀನಿ. ನಂಗೂ ಸೇರಿಸ್ಕಂಡೇ ಹೇಳ್ತೀಯ ಅಂದ್ಕಂಡಿದ್ದೆ." ಅವರೆಕಾಯಿ ಕೆಳಗಿಟ್ಟಳು. "ದೀಪ ಹಚ್ಚಾಗ ಮನೆದೇವ್ರಿಗೆ, ಹೊಲಕ್ಕೆ, ಹೋದೋರಿಗೆ, ಎಲ್ಲಾರಿಗೂ ಕೈ ಮುಗೀತೀನಿ. ಕಡೇಗೆ ಆ ಹರಳಿಗೂ ಒಂದು. ಮನೆಗೆ ಅನ್ನ ಹಾಕೋ ಕಲ್ಲಲ್ವೇ?"

ಸರ್ವಮಂಗಳೆ ಬೆರಳು ಮಡಚಿ ಎಣಿಸಿದಳು. ಜುಲೈ ಒಂಬತ್ತು, ಹತ್ತು, ಹನ್ನೊಂದು. ಆಸ್ಪತ್ರೆಯ ಬೆಂಚಿನ ಮೇಲೆ ಮುದುರಿಕೊಂಡಿದ್ದ ಬೋರಮ್ಮ. ಬೀಗ ಹಾಕಿದ ಮನೆ, ಹಚ್ಚದ ದೀಪ. ಒಂದು ವರ್ಷದ ಗುಬುಟು, ಗುರುವಾರದ ಆರನೇ ಹರಳು, ಎಲ್ಲವೂ ಒಂದು ಕೈಮುಗಿತಕ್ಕೆ ಸರಿಹೊಂದುತ್ತ ಬಂತು. ಮಣ್ಣನ್ನು ಮನಸ್ಸು ಅಲುಗಿಸುತ್ತದೆ ಎಂಬುದಕ್ಕೆ ಇನಾಮದಾರರಿಗೆ ಬೇಕಾದ ಸಾಕ್ಷಿ ಸಿಕ್ಕಿತು. ಅವಳಿಗೆ ಬೇಕಾದದ್ದು ಕೈತಪ್ಪಿ ಹೋಯಿತು.

"ಹಂಗಾದ್ರೆ ಅದು ಅವರಲ್ಲ," ಎಂದಳು.

"ಏನು ಅವನಲ್ಲ?"

ಡಾಕ್ಟರು ಹೇಳಿದ್ದನ್ನು, ಸೋಮವಾರದ ಗಡುವನ್ನು, ಹರಳಿನಿಂದ ತಾನು ಕೇಳಹೊರಟಿದ್ದನ್ನು ಒಂದೂ ಬಿಡದೆ ಹೇಳಿದಳು. ಬೋರಮ್ಮ ಅವಳ ಬಾಯಿಯನ್ನೇ ನೋಡುತ್ತಾ ಕೇಳಿಸಿಕೊಂಡಳು. ಆಮೇಲೆ ಕೇಳಿದಳು:

"ಅವ್ನು ಒಳಗೆ ಅವ್ನೆ ಅಂತ ಗೊತ್ತಾಗಿದ್ರೆ ಏನು ಮಾಡ್ತಿದ್ದೆ?"

"ಹೊಟ್ಟೆಗೆ ನಳಿಕೆ ಹಾಕಿಸ್ತಿದ್ದೆ."

"ಇಲ್ಲ ಅಂತಾಗಿದ್ರೆ?"

ಸರ್ವಮಂಗಳೆ ಒಂದು ಅವರೆಕಾಯಿ ಎತ್ತಿಕೊಂಡು ಬಿಡಿಸತೊಡಗಿದಳು.

"ನೀನು ಓದ್ದೋಳು. ನಂಗೆ ಅದು ತಿರುವುಮುರುವಾಗಿ ಕಾಣ್ತದೆ," ಎಂದಳು ಬೋರಮ್ಮ. "ಇಲ್ದಿದ್ರೆ ಎಲ್ಲಿ ಬೇಕಾದ್ರೂ ಕೊಯ್ಸು, ನೂರು ವರ್ಸ ಮಲಗ್ಸು. ಮಣ್ಣಿಗೆ ನೋವೈತಾ? ನಮ್ಮ ಕಣ್ಣಿಗೊಂದು ಆಸ್ರೆ ಆಗ್ತದೆ. ಇದ್ರೆ ಕಣೆ ಕಷ್ಟ. ಇದ್ರೆ, ಬಾವಿಗೆ ಬಿದ್ದೋನಂಗೆ ಒಂದೂವರೆ ವರ್ಸದಿಂದ ಮ್ಯಾಲಕ್ಕೆ ನೋಡ್ಕಂಡು ಬಿದ್ದವ್ನೆ. ಹಗ್ಗ ಬಿಡೋರಿಲ್ಲ. ನಾವು ಮ್ಯಾಲಿಂದ ಅನ್ನ ಹಾಕ್ತಾ ಇದೀವಿ." ಸೆರಗಿನಿಂದ ಮೂಗೊರೆಸಿಕೊಂಡಳು. "ಅವ್ನೆ ಅಂತಲೇ ನನ್ನ ಜೀವ ಹೇಳ್ತದೆ. ಅದ್ಕೇ ದಿನಾ ಕೈ ಮುಗಿಯೋದು. ಉಳ್ಸು ಅಂತಲ್ಲ."

ಇದು ಸರ್ವಮಂಗಳೆಗೆ ಹೊಳೆದೇ ಇರಲಿಲ್ಲ. ಮುನ್ನೂರು ಮೀಟರ್ ಆಳದಲ್ಲಿ ಹುಡುಕಿದ್ದಳು, ಪಕ್ಕದಲ್ಲಿ ಅವರೆ ಬಿಡಿಸುತ್ತಾ ಕೂತವಳನ್ನು ಕೇಳಿರಲಿಲ್ಲ. ಒಳಗೆ ಇದ್ದಾನೆಯೇ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದರೂ ಮುಂದೇನು ಎಂಬ ಪ್ರಶ್ನೆ ಹಾಗೇ ಉಳಿಯುತ್ತಿತ್ತು.

ಅಂದು ಸಂಜೆ ಅವಳು ಮಗ್ಗಿ ಹೇಳಲಿಲ್ಲ. ಗಂಡನ ಪಕ್ಕದಲ್ಲಿ ಕೂತಳು. ಒಂದೂವರೆ ವರ್ಷ ಅವನಿಗೆ ಎಲ್ಲವನ್ನೂ ಹೇಳಿದ್ದಳು, ಏನನ್ನೂ ಕೇಳಿರಲಿಲ್ಲ ಎಂದು ಆಗ ಅರಿವಾಯಿತು. "ಏನು ಮಾಡ್ಲಿ ಹೇಳ್ರಿ," ಎಂದು ಕೇಳಿದಳು. ಆರರಿಂದ ಎಂಟರವರೆಗೆ ಕಾದಳು. ಅವನ ಕಣ್ಣು ಸೂರಿನ ಮೇಲಿತ್ತು. ಬಂದ ಸದ್ದು ಬರೀ ಉಸಿರಿನದು.

ಸೋಮವಾರ ಡಾಕ್ಟರಿಗೆ, "ನಳಿಕೆ ತೆಗೀರಿ. ಬಾಯಲ್ಲಿ ಕೊಡ್ತೀವಿ," ಎಂದಳು. ಬಸ್ ನಿಲ್ದಾಣದಲ್ಲಿ ಎರಡು ಬಸ್ಸು ಬಿಟ್ಟು ಮೂರನೆಯದನ್ನು ಹತ್ತಿದಳು.

ರಾಗಿ ಅಂಬಲಿ, ತೆಳು ಮಜ್ಜಿಗೆ. ಒಂದೊಂದು ಚಮಚ. ಕೆಲವು ಒಳಗೆ ಹೋಗುತ್ತಿದ್ದವು, ಹೆಚ್ಚಿನವು ಗಲ್ಲಕ್ಕಿಳಿಯುತ್ತಿದ್ದವು. ಅತ್ತೆ ಒರೆಸುವುದು, ಸೊಸೆ ಕುಡಿಸುವುದು. ಹತ್ತೊಂಬತ್ತನೆಯ ದಿನ ಮಧ್ಯಾಹ್ನ, ಬೋರಮ್ಮ ಅವನ ಅಂಗಾಲಿಗೆ ಹರಳೆಣ್ಣೆ ಹಚ್ಚುತ್ತಿದ್ದಾಗ, ತಿಪ್ಪೇಶಿ ಹೋದ.

*

ಸೂತಕದ ಮನೆಯಲ್ಲಿ ಹನ್ನೊಂದು ದಿನ ದೇವರ ಗೂಡಿನ ದೀಪ ಹಚ್ಚುವಂತಿಲ್ಲ. ಹಚ್ಚಲಿಲ್ಲ. ಹನ್ನೆರಡನೆಯ ಸಂಜೆ ಮನೆ ತೊಳೆದು ಬೋರಮ್ಮ ಬತ್ತಿ ಹೊಸೆದಳು.

ಕೆಲಸಕ್ಕೆ ಮರಳಿದ ಸರ್ವಮಂಗಳೆಗೆ ಇನಾಮದಾರರು ಪರದೆ ತೋರಿಸಲೋ ಬೇಡವೋ ಎಂದು ಬಹಳ ಹೊತ್ತು ಮೀನಮೇಷ ಎಣಿಸಿದರು. ಅವಳೇ ಕೇಳಿದ ಮೇಲೆ ತೋರಿಸಿದರು. ಆ ಹತ್ತೊಂಬತ್ತು ದಿನ ಹಳೆಯ ಹರಳಿನ ಗುಬುಟು ಎಂದಿನಂತೆ ಸಾವಿರಕ್ಕೆ ಮೂರು. ಆಮೇಲೆ ಹನ್ನೊಂದು ದಿನ ನೆಟ್ಟನೆಯ ಗೆರೆ. ಹನ್ನೆರಡನೆಯ ಸಂಜೆ ಮತ್ತೆ ಎದ್ದಿತ್ತು. ಆದರೆ ಮೂರಲ್ಲ, ಒಂದೂವರೆ.

"ಇಬ್ಬರಿದ್ರು. ಒಬ್ಬರು ಹೋದ್ರು," ಎಂದ ಜಬೀವುಲ್ಲಾ ಮೆಲ್ಲಗೆ. "ಸರಿಹೋಯ್ತಲ್ಲ ಸಾರ್?"

"ಹಂಗ ಸರಳಿಲ್ಲೋ," ಎಂದರು ಇನಾಮದಾರರು. "ಮಗನ್ನ ಮಣ್ಣಿಗಿಟ್ಟ ಬಂದ ತಾಯಿ ಮನಸ್ಸು ಅರ್ಧ ಉಳಿದ್ರ ಅದ ಹೆಚ್ಚು." ಪರದೆಯನ್ನು ಆರಿಸಿದರು. "ನನಗ ಗೊತ್ತಿಲ್ರೀ ಅಕ್ಕಾರ. ಗೊತ್ತೈತಿ ಅಂತ ಹೇಳಿದ್ರ ನಿಮಗ ಸುಳ್ಳು ಹೇಳಿದಂಗ ಆಗತೈತಿ."

ಸಂಜೆ ಸರ್ವಮಂಗಳೆ ಅತ್ತೆಯನ್ನು ಕೇಳಿದಳು: "ಈಗಲೂ ಹರಳಿಗೆ ಕೈ ಮುಗೀತೀರಾ?"

"ಮುಗೀತೀನಿ. ಮುಂಚಿನಷ್ಟು ಚಂದಾಗಿ ಕಾಣಲ್ಲ ಅದು. ನೀನು ಹೇಳೋದು ನಿಲ್ಸಿದೀಯ. ನಂಗೆ ನೋಡಾಕೆ ಬಾಯೇ ಇಲ್ಲ."

ಸರ್ವಮಂಗಳೆ ಚಪ್ಪಲಿ ಬಿಟ್ಟವಳು ಖಾಲಿ ಮಂಚವನ್ನೊಮ್ಮೆ ನೋಡಿದಳು. ಆಮೇಲೆ ಬೋರಮ್ಮನ ಎದುರಿಗೆ, ದೀಪದ ಬೆಳಕು ಬಾಯಿಯ ಮೇಲೆ ಬೀಳುವ ಹಾಗೆ ಕೂತಳು.

"ಇವತ್ತು ಒಂದು ಮಿಷನ್ ಕೆಡಿಸಿ ಬಂದೆ ಅತ್ತೆಮ್ಮ," ಎಂದು ಶುರು ಮಾಡಿದಳು.

ಅಂದಿನಿಂದ ದಿನಾ ಹೇಳುತ್ತಾಳೆ. ಗುಬುಟು ಮತ್ತೆ ಮೂರಕ್ಕೆ ಏರಿತೋ, ಒಂದೂವರೆಗೇ ನಿಂತಿತೋ? ಏರಿದ್ದರೆ ಮೊದಲಿನಿಂದಲೂ ಬೋರಮ್ಮ ಒಬ್ಬಳೇ. ಏರದಿದ್ದರೆ ಆ ಕೋಣೆಯಲ್ಲಿ ಇಬ್ಬರಿದ್ದರು ಎಂದೇನೂ ಖಚಿತವಾಗಿ ಹೇಳಲಾಗದು. ಪೆಟ್ಟಿಗೆಗೆ ಮತ್ತೆ ಮೊಹರು ಬಿದ್ದಿದೆ, ತೆರೆಯುವುದು ಬರುವ ಫೆಬ್ರುವರಿಗೆ. ತೆರೆಯುವ ದಿನ ರಜೆ ಬೇಕೆಂದು ಸರ್ವಮಂಗಳೆ ಈಗಲೇ ಅರ್ಜಿ ಬರೆದುಕೊಟ್ಟಿದ್ದಾಳೆ. ಎರಡು ಸಲ ಅದನ್ನು ಹಿಂದಕ್ಕೂ ಪಡೆದಿದ್ದಾಳೆ.

ಮನಸ್ಸು ಮೊದಲೋ ಜಡ ಮೊದಲೋ, ಗೊತ್ತಿಲ್ಲ. ತಿಪ್ಪೇಶಿ ಅಲ್ಲಿ ಇದ್ದನೋ ಇಲ್ಲವೋ, ಅದೂ ಗೊತ್ತಿಲ್ಲ.